ನಲವತ್ತನೆಯ ಮನೆ

ಫೋನು ಇವತ್ತು ಬರಬಹುದು, ನಾಳೆ ಬರಬಹುದು, ಬಾರದೆಯೂ ಹೋಗಬಹುದು ಎಂದು ಹುಬ್ಬಳ್ಳಿಯಿಂದ ಸುಭಾಷ ಹೇಳಿದ ಮೂರು ಮಾತಿನಲ್ಲಿ ಕಮಲಾಕರ ಹೆಗಡೆಯ ಕಿವಿಯಲ್ಲಿ ಉಳಿದದ್ದು ಮೊದಲನೆಯದೊಂದೇ. ಹಾಗಾಗಿ ಆರು ಗಂಟೆಗೇ ಎದ್ದವನು ಒಂಬತ್ತಾದರೂ ಸ್ನಾನಕ್ಕೆ ಹೋಗಿರಲಿಲ್ಲ. ಬಚ್ಚಲು ಕೆಳಗೆ, ಮೆಟ್ಟಿಲ ಹಿಂದೆ; ಸಿಗ್ನಲ್ಲು ಮೇಲೆ, ಅದೂ ಕಿಟಕಿಯ ಎಡಮೂಲೆಯಲ್ಲಿ ಮಾತ್ರ. ಶಿರಸಿಯ ದೇವಿಕೆರೆಯ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಯ ಮೇಲಿನ ಈ ಕೋಣೆಗೆ ಬಂದು ಎಂಟು ವರ್ಷವಾದರೂ ಆ ಮೂಲೆಯ ಮಹಿಮೆ ಅವನಿಗೆ ತಿಳಿದದ್ದು ಹೋದ ವಾರ, ಹೊಸ ಸಿಮ್ ಹಾಕಿದ ಮೇಲೆ. ಅಲ್ಲಿಯವರೆಗೆ ಸಿಗ್ನಲ್ಲನ್ನು ಹುಡುಕಿಕೊಂಡು ಹೋಗುವ ದರ್ದು ಬಿದ್ದಿರಲಿಲ್ಲ. ಈಗ ಮೊಬೈಲನ್ನು ಕಿಟಕಿಯ ದಂಡೆಯ ಮೇಲೆ ಒಂದು ಟವೆಲು ಹಾಸಿ ಮಲಗಿಸಿದ್ದ. ಈ ಹೊಸ ನಂಬರು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಫಾರ್ಮಿನ ಕೊನೆಯ ಸಾಲಿನಲ್ಲಿ ಮಾತ್ರ ಅದು ಇದೆ. ಅದು ಬಡಿದುಕೊಂಡರೆ ಕಮಲಾಕರನಿಗೆ ಬಂದ ಫೋನಲ್ಲ, ಯಲ್ಲಾಪುರದ ಸೀತಾ ಎಂಬವಳಿಗೆ ಬಂದದ್ದು. ಆ ಸೀತಾ ಈ ಕೋಣೆಯಲ್ಲಿ ಇಲ್ಲ ಎಂಬುದೇ ಅವನ ಸದ್ಯದ ಕಷ್ಟ.

ಅವನ ಕೆಲಸ ಜನರ ಮನೆಗೆ ಹೋಗಿ ಪ್ರಶ್ನೆ ಕೇಳುವುದು. ಬೆಂಗಳೂರಿನ ಒಂದು ಕಂಪನಿ ಪ್ರಶ್ನೆಗಳನ್ನು ಅಚ್ಚು ಹಾಕಿ ಹುಬ್ಬಳ್ಳಿಗೆ ಕಳಿಸುತ್ತದೆ, ಹುಬ್ಬಳ್ಳಿಯ ಸುಭಾಷ ಶಿರಸಿಗೆ ಕಳಿಸುತ್ತಾನೆ, ಇವನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬಾಗಿಲು ಬಡಿಯುತ್ತಾನೆ. ಬಟ್ಟೆ ಸೋಪು, ಚಾಪುಡಿ, ಹಲ್ಲಿನ ಪೇಸ್ಟು ಎಲ್ಲ ಆಗಿತ್ತು. ಈ ಸಲ, ೨೦೦೯ರ ದೀಪಾವಳಿ ಕಳೆದ ಮೇಲೆ ಬಂದದ್ದು ಮಾತ್ರ ಅವನಿಗೇ ಅರ್ಥವಾಗಲು ಎರಡು ದಿನ ಹಿಡಿಯಿತು. ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮಿಗೆ ಮುಂದಿನ ವರ್ಷ ಎರಡು ಹೊಸ ಉಪಕರಣ ಬರಲಿವೆಯಂತೆ, ಎರಡೂ ಒಂದನ್ನೊಂದು ಕಂಡರಾಗದ ಎರಡು ವಿದೇಶಿ ಕಂಪನಿಗಳದ್ದು. ಫಾರ್ಮಿನಲ್ಲಿ ಹೆಸರಿರಲಿಲ್ಲ, ಅ ಮತ್ತು ಬ ಎಂದಷ್ಟೇ ಇತ್ತು. ಅ ಎಂದರೆ ಕೈಯಲ್ಲಿ ಹಿಡಿಯುವ ಕೋಲು, ತುದಿಯಲ್ಲೊಂದು ಗುಂಡು. ನೀವು ಕೋಲು ಬೀಸಿದರೆ ಟಿವಿಯೊಳಗಿನವನು ಬ್ಯಾಟು ಬೀಸುತ್ತಾನೆ. ಬ ಎಂದರೆ ಕೈಯಲ್ಲಿ ಏನೂ ಇಲ್ಲ. ಟಿವಿಯ ಬುಡದಲ್ಲಿ ಒಂದು ಕ್ಯಾಮೆರಾ ಕೂತು ನಿಮ್ಮ ಮೈಯನ್ನೇ ನೋಡುತ್ತದೆ, ನೀವು ಹಾರಿದರೆ ಟಿವಿಯವನೂ ಹಾರುತ್ತಾನೆ. ಇವೆರಡರಲ್ಲಿ ಯಾವುದು ಎಷ್ಟು ಖರ್ಚಾದೀತು, ಸಣ್ಣ ಊರುಗಳ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಅಂದಾಜು ಮಾಡುವುದು ಬೆಂಗಳೂರಿನವರ ಕೆಲಸ. ಆ ಅಂದಾಜಿನ ತುತ್ತತುದಿಯಲ್ಲಿ, ಬಸ್ಸಿಳಿದು, ಹೆಗಲಿಗೊಂದು ಚೀಲ ಹಾಕಿಕೊಂಡು ನಿಂತವನು ನಲವತ್ತೊಂದು ವರ್ಷದ ಈ ಕಮಲಾಕರ.

ನಿಯಮಗಳಿದ್ದವು. ಹುಬ್ಬಳ್ಳಿಯ ಒಂದು ಲಾಡ್ಜಿನ ಹಾಲಿನಲ್ಲಿ ಹನ್ನೊಂದು ಜನರನ್ನು ಕೂರಿಸಿ ಸುಭಾಷ ಅವನ್ನೆಲ್ಲ ಬಾಯಿಪಾಠ ಮಾಡಿಸಿದ್ದ. ಊರಿನ ಒಂದು ಗುರುತಿನ ಜಾಗದಿಂದ ಹೊರಡಬೇಕು, ರಸ್ತೆಯ ಬಲಬದಿ ಹಿಡಿದು ನಡೆಯಬೇಕು, ಪ್ರತಿ ಮೂರನೆಯ ಮನೆಗೆ ಹೋಗಬೇಕು, ಒಬ್ಬೊಬ್ಬರು ನಲವತ್ತು ಮನೆ ಮುಗಿಸಬೇಕು. ಮನೆಯಲ್ಲಿ ಟಿವಿ ಇರಬೇಕು, ಎಂಟರಿಂದ ಹದಿನಾಲ್ಕರ ಒಳಗಿನ ಮಗುವಿರಬೇಕು. ಇಷ್ಟವಾದ ಮನೆ ಆರಿಸುವಂತಿಲ್ಲ, ಇಷ್ಟವಿಲ್ಲದ ಮನೆ ಬಿಡುವಂತಿಲ್ಲ. ಕೊನೆಗೆ ಫೋನ್ ನಂಬರು ಬರೆದುಕೊಳ್ಳಬೇಕು. ಬೆಂಗಳೂರಿನಿಂದ ಅವುಗಳಲ್ಲಿ ಕೆಲವಕ್ಕೆ ಫೋನು ಮಾಡಿ, ನಮ್ಮವರು ನಿಜಕ್ಕೂ ಬಂದಿದ್ದರೋ ಎಂದು ವಿಚಾರಿಸುತ್ತಾರೆ. ಒಂದೇ ಒಂದು ಫಾರ್ಮು ಸುಳ್ಳೆಂದು ಗೊತ್ತಾದರೂ ಅವನ ಅಷ್ಟೂ ಫಾರ್ಮುಗಳು ಕಸದ ಬುಟ್ಟಿಗೆ, ಅವನ ಹೆಸರಿಗೆ ಶಾಶ್ವತವಾಗಿ ಗೀಟು. "ಒಂದ್ ಫಾರ್ಮ್ ಅಂದ್ರ ಒಂದ್ ಮನಿ ಅಂತ ತಿಳ್ಕೋಬ್ಯಾಡ್ರಿ," ಅಂದಿದ್ದ ಸುಭಾಷ. "ಬೆಂಗಳೂರಾಗ ಅದನ್ನ ಗುಣಾಕಾರ ಮಾಡ್ತಾರ. ನಿಮ್ಮ ಒಂದ್ ಫಾರ್ಮು ಒಂಬತ್ ಸಾವಿರ ಮನಿಗೆ ಸಮ." ಕಮಲಾಕರ ಅದನ್ನು ಬರೆದುಕೊಂಡಿದ್ದ. ಗೀಟು ಬೀಳುವುದಕ್ಕೆ ಹೊಟ್ಟೆಪಾಡಿನ ಹೆದರಿಕೆಗಿಂತ ಬೇರೆಯದೇ ಒಂದು ಹೆದರಿಕೆ ಅವನಿಗಿತ್ತು, ಅದನ್ನು ಸುಭಾಷನಿಗೆ ಹೇಳಲು ಬರುವಂತಿರಲಿಲ್ಲ. ಈ ಚೀಲ ಹೆಗಲ ಮೇಲಿಲ್ಲದಿದ್ದರೆ ಅವನಿಗೆ ಯಾರ ಮನೆಯ ಬಾಗಿಲು ಬಡಿಯಲಿಕ್ಕೂ ಕಾರಣವಿರಲಿಲ್ಲ.

ಕಷ್ಟವೆಂದರೆ ಆಡಿ ತೋರಿಸುವುದು. ಬರೀ ಬಾಯಲ್ಲಿ ಹೇಳಿದರೆ ಜನಕ್ಕೆ ತಿಳಿಯುವುದಿಲ್ಲ ಎಂದು ಕಂಪನಿಯವರು ಒಂದು ಪ್ಲಾಸ್ಟಿಕ್ ಕೋಲನ್ನು, ಅದರ ತುದಿಗೆ ಪಿಂಗಪಾಂಗ್ ಚೆಂಡು ಅಂಟಿಸಿ, ಕೊಟ್ಟಿದ್ದರು. ಅದನ್ನು ಹಿಡಿದು ಆರಿಸಿಟ್ಟ ಟಿವಿಯ ಮುಂದೆ ನಿಂತು ಮೂರು ಸಲ ಬೀಸಬೇಕು. ಆಮೇಲೆ ಕೋಲನ್ನು ಕೆಳಗಿಟ್ಟು, ಬರಿಗೈಯಲ್ಲಿ ಅದೇ ಆಟ ಇನ್ನೊಮ್ಮೆ. ಕೋಲಿದ್ದಾಗ ಇದ್ದ ಒಂದಿಷ್ಟು ಮರ್ಯಾದೆ ಕೋಲು ಕೆಳಗಿಟ್ಟ ಕೂಡಲೇ ಹೋಗಿಬಿಡುತ್ತಿತ್ತು. ಸಿದ್ದಾಪುರದಲ್ಲಿ ಮಂಜಿ ಎಂಬವಳ ಮನೆಯ ಹೊರಕೋಣೆಯಲ್ಲಿ, ಅವಳು, ಅವಳ ಅತ್ತೆ, ಪಕ್ಕದ ಮನೆಯ ಇಬ್ಬರು ಸಾಲಾಗಿ ಕೂತು ನೋಡುತ್ತಿದ್ದಾಗ, ಅವನು ಎದುರಿಲ್ಲದ ಆಟಗಾರನಿಗೆ ಇಲ್ಲದ ಚೆಂಡನ್ನು ಹೊಡೆದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವನ ಕಂಕುಳ ಬೆವರು ಅಂಗಿಯ ಮೇಲೆ ಕಾಣುತ್ತಿತ್ತು, ಕೈಯೆತ್ತಿದಾಗಲೆಲ್ಲ ಅದು ಅವನಿಗೆ ನೆನಪಾಗುತ್ತಿತ್ತು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಡ್ರಿಲ್ ಮಾಸ್ತರರು ಎಡ ಎಂದರೆ ಇವನೊಬ್ಬ ಬಲಕ್ಕೆ ತಿರುಗಿ ಇಡೀ ಶಾಲೆಗೆ ಎದುರಾಗಿ ನಿಂತುಬಿಡುತ್ತಿದ್ದ. ಈಗಲೂ ಹಾಗೇ ನಿಂತಿದ್ದೇನೆ ಅನ್ನಿಸಿತು. ಆಡಿ ಮುಗಿಸಿ, ಏದುಸಿರನ್ನು ಮುಚ್ಚಿಡುತ್ತ, ಅಚ್ಚಿನ ಕನ್ನಡದಲ್ಲಿ ಕೇಳಿದ: ಈ ಉಪಕರಣವನ್ನು ತಾವು ಖಂಡಿತವಾಗಿ ಖರೀದಿಸುತ್ತೀರೋ, ಬಹುಶಃ ಖರೀದಿಸುತ್ತೀರೋ, ಹೇಳಲಾರಿರೋ, ಖರೀದಿಸುವುದಿಲ್ಲವೋ?

"ಇದ್ನ ತಗಂಡ್ರೆ ನಿಮ್ಗೇನಾದ್ರೂ ಅನುಕೂಲ ಆಗ್ತದಾ ಹೆಗ್ಡೇರೆ?" ಅಂದಳು ಮಂಜಿ.

"ನಂಗೇನಿಲ್ಲ. ನಿಮಗೆ ಅನಿಸಿದ್ದು ಹೇಳಿದ್ರೆ ಸಾಕು."

"ಪಾಪ, ಇಷ್ಟು ಬಿಸ್ಲಲ್ಲಿ ಬಂದೀರಿ, ಕುಣ್ದು ತೋರ್ಸೀರಿ. ತಗಳ್ತೀವಿ ಅಂತ್ಲೇ ಬರ್ಕಳಿ. ನೀರಿಗೆ ಬೆಲ್ಲ ಹಾಕ್ಲಾ?"

ಖಂಡಿತವಾಗಿ ಎಂಬುದರ ಮುಂದೆ ಅವನು ಗುರುತು ಹಾಕಿದ. ಆ ಮನೆಯಲ್ಲಿ ಗೇಮಿನ ಯಂತ್ರವೇ ಇರಲಿಲ್ಲ. ಗುಡ್ನಾಪುರದ ಬದಿಯ ಬಸಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಬರ್ರಿ, ಕುಂದರ್ರಿ," ಎಂದು ಕುರ್ಚಿ ಒರೆಸಿ ಕೊಟ್ಟು, ಎಲ್ಲ ಕೇಳಿಸಿಕೊಂಡು, "ಕೋಲಿಂದು ಒಂದ್ ಬರೀರಿ, ಕೋಲಿಲ್ದಿದ್ದು ಒಂದ್ ಬರೀರಿ. ಎರಡೂ ಕಂಪನ್ಯಾರು ದೂರದಿಂದ ಕೇಳಾಕತ್ಯಾರ, ಒಬ್ಬರ್ನ ಬ್ಯಾಸರ ಮಾಡೂದು ಬ್ಯಾಡ" ಎಂದು ತೀರ್ಪು ಕೊಟ್ಟ. ಶಿರಸಿಯ ಹೆಗಡೆ, ಭಟ್ಟರ ಮನೆಗಳಲ್ಲಂತೂ ಪ್ರಶ್ನೆ ಮುಗಿಯುವ ಮೊದಲೇ "ಅಡ್ಡಿಲ್ಲೆ, ಬಂದ್ ಕೂಡ್ಲೆ ತಗಂಬನ" ಎಂದು ಒಪ್ಪಿ, ಕುಡಿಯಲು ಆಸ್ರಿಗೆ ಎಂತ ಮಾಡವು ಎಂದು ಒಳಗೆ ಕೂಗುತ್ತಿದ್ದರು. ಮನೆಬಾಗಿಲಿಗೆ ಬಂದವನ ಮುಖದ ಮೇಲೆ ಬೇಡ ಎನ್ನುವುದು ಈ ಸೀಮೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಅದು ಸುಳ್ಳು ಹೇಳುವುದಲ್ಲ, ನೀರು ಕೊಟ್ಟ ಹಾಗೆಯೇ ಕೊಡುವ ಒಂದು ಮಾತು. ಕಮಲಾಕರನಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮೂವತ್ತೊಂಬತ್ತು ಫಾರ್ಮುಗಳಲ್ಲಿ ಖಂಡಿತವಾಗಿ, ಖಂಡಿತವಾಗಿ ಎಂದು ಗುರುತು ಹಾಕುತ್ತ ಹೋದ. ಜನ ಹೇಳಿದ್ದನ್ನು ಬರೆಯುವುದು ತನ್ನ ಕೆಲಸ, ಹೇಳದ್ದನ್ನು ಬರೆಯುವುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಗೊತ್ತಿರದೆ ಏನು. ಹನ್ನೆರಡು ವರ್ಷದ ಹಿಂದೆ ವಜ್ರಳ್ಳಿಯ ಒಂದು ಮನೆಯಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೋದರಮಾವನ ಪಕ್ಕ ಮಂಡಿ ಜೋಡಿಸಿ ಕೂತಿದ್ದ. ಸೀತಾ ಎಂಬ ಹುಡುಗಿ ಅವಲಕ್ಕಿಯ ತಟ್ಟೆ ತಂದಿಟ್ಟು, ಬಾಗಿಲ ಪಕ್ಕ ನಿಂತು, ಒಂದೇ ಸಲ ತಲೆಯೆತ್ತಿ ನೋಡಿದ್ದಳು. ಅವಳ ಎಡಗೈಯ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು. ಕೊಯ್ದುಕೊಂಡಿರಬೇಕು, ಕೇಳಬೇಕೆನ್ನಿಸಿತ್ತು, ಕೇಳಲಿಲ್ಲ. ಅವಳಪ್ಪ ಅಂಗಳದವರೆಗೆ ಬಂದು ಬೀಳ್ಕೊಟ್ಟು, "ಮಾಣಿ ಅಡ್ಡಿಲ್ಲೆ. ಎಂಗ್ಳಿಗೆ ಒಪ್ಪಿಗೆ ಇದ್ದ ಹಾಂಗೇಯ. ಜಾತಕ ಒಂದ್ಸಲ ತೋರ್ಸಿ ತಿಳಿಸ್ತ್ಯ" ಅಂದಿದ್ದರು. ತಿಳಿಸಲೇ ಇಲ್ಲ. ಮಾವ ಎರಡು ಸಲ ವಿಚಾರಿಸಿದಾಗಲೂ ಅಡ್ಡಿಲ್ಲೆ ಎಂದೇ ಉತ್ತರ ಬಂದಿತ್ತು. ಕಮಲಾಕರ ಒಂದು ವರ್ಷ ಕಾದ. ನಡುವೆ ಬಂದ ಇನ್ನೊಂದು ಪ್ರಸ್ತಾಪವನ್ನು ಬೇಡ ಎನ್ನಲಾಗದೆ, ತಿಳಿಸ್ತೆ ಎಂದು ಬಾಕಿ ಇಟ್ಟು ಅದನ್ನೂ ಕೆಡಿಸಿಕೊಂಡ. ಕೊನೆಗೆ ಬಂದದ್ದು ಸೀತೆಯ ಮದುವೆಯ ಕಾಗದ, ವರನ ಹೆಸರಿನ ಜಾಗದಲ್ಲಿ ಯಲ್ಲಾಪುರದ ಶಾಂತಾರಾಮ. ಅವನು ಹೋದ. ಹೋಗದಿದ್ದರೆ ಏನೋ ಆಗಿದೆ ಎಂದು ಜನ ತಿಳಿಯುತ್ತಾರೆ; ಆದರೆ ಏನೂ ಆಗಿರಲಿಲ್ಲವಲ್ಲ. ಪಂಕ್ತಿಯಲ್ಲಿ ಅವಳಪ್ಪ ಸ್ವತಃ ಬಂದು, ಇನ್ನೊಂದು ಹೋಳಿಗೆ ಹಾಕ್ಸ್ಕಳವು ಎಂದು ಒತ್ತಾಯ ಮಾಡಿದರು. ಇವನು ಹಾಕಿಸಿಕೊಂಡ. ಒಂದು ಸಲ ಯಾರಾದರೂ ಬೇಡ ಅಂದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು, ಸಿಟ್ಟು ಕಳೆದ ಮೇಲೆ ಮರೆಯಬಹುದಿತ್ತು. ಅವಮಾನ ಮಾಡಿದವರು ಯಾರೂ ಇಲ್ಲದ ಅವಮಾನವನ್ನು ಅವನು ಹನ್ನೆರಡು ವರ್ಷ ಏನು ಮಾಡಬೇಕೆಂದು ತಿಳಿಯದೆ ಇಟ್ಟುಕೊಂಡಿದ್ದ.

ಯಲ್ಲಾಪುರದಲ್ಲಿ ಬಲಬದಿ ಹಿಡಿದು ನಡೆದು, ಮೂರು ಮೂರು ಮನೆ ಎಣಿಸಿ, ನಲವತ್ತನೆಯ ಮನೆಯ ಗೇಟಿನ ಮುಂದೆ ನಿಂತಾಗ ಮಧ್ಯಾಹ್ನ ಹನ್ನೆರಡು. ಗೇಟಿನ ಮೇಲೆ ಶಾಂತಾರಾಮ ಎಂದು ಬರೆದದ್ದನ್ನು ಓದಿಯೂ ಅವನಿಗೆ ಹೊಳೆಯಲಿಲ್ಲ. ಅಂಗಳದಲ್ಲಿ ಹೆಂಗಸೊಬ್ಬಳು ಬಟ್ಟೆ ಹಿಂಡಿ ಹರವುತ್ತಿದ್ದಳು, ಒಂಬತ್ತು ಹತ್ತು ವರ್ಷದ ಹುಡುಗಿ ಕ್ಲಿಪ್ಪುಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದಳು. ಹೆಂಗಸು ತಿರುಗಿ, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, "ಬನ್ನಿ, ಎಂತ ಬೇಕಾಗಿತ್ತು?" ಅಂದಳು. ಸೀತಾ. ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಅವಳಿಗೆ ಗುರುತು ಸಿಗಲಿಲ್ಲ. ಸಿಗಬೇಕಾದ ಕಾರಣವೂ ಇರಲಿಲ್ಲ. ಅವಳ ಮಟ್ಟಿಗೆ ಅದು ಅವಲಕ್ಕಿ ಕೊಟ್ಟ ಅನೇಕ ಸಂಜೆಗಳಲ್ಲಿ ಒಂದು. ಒಳಗೆ ಹೋದರೆ ನೀರು ಕೊಡುತ್ತಾಳೆ, ಕೂರಿಸುತ್ತಾಳೆ. ಅವಳ ಟಿವಿಯ ಮುಂದೆ, ಅವಳ ಮಗಳ ಮುಂದೆ, ತಾನು ಪ್ಲಾಸ್ಟಿಕ್ ಕೋಲು ಬೀಸಬೇಕು, ಆಮೇಲೆ ಬರಿಗೈ ಬೀಸಬೇಕು. ಕೊನೆಗೆ ಅವಳೂ ಅಡ್ಡಿಲ್ಲೆ ಅನ್ನುತ್ತಾಳೆ. ಇನ್ನೊಮ್ಮೆ ಅದನ್ನು ಆ ಮನೆಯವರ ಬಾಯಿಂದ ಕೇಳುವುದು ತನ್ನಿಂದಾಗದು ಎಂದು ಅವನಿಗೆ ಆ ಕ್ಷಣ ಸ್ಪಷ್ಟವಾಗಿ ಗೊತ್ತಾಯಿತು. "ಮನೆ ತಪ್ಪಿ ಹೋತು," ಎಂದ. "ಅಡ್ಡಿಲ್ಲೆ, ನೀರು ಕುಡ್ಕಂಡು ಹೋಗಿ," ಅಂದಳು ಅವಳು. ಅವನು ಆಗಲೇ ಅರ್ಧ ಓಟದಲ್ಲಿದ್ದ, ಚೀಲದೊಳಗಿನ ಕೋಲು ಬೆನ್ನಿಗೆ ಬಡಿಯುತ್ತಿತ್ತು.

ಮನೆ ಬಿಡುವಂತಿಲ್ಲ ಎಂಬ ನಿಯಮ ಅವನ ಜೊತೆಯಲ್ಲೇ ಓಡಿಬಂತು. ಯಲ್ಲಾಪುರದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಲವತ್ತನೆಯ ಫಾರ್ಮನ್ನು ತೊಡೆಯ ಮೇಲೆ ಹರವಿದಾಗ, ಅವಳ ಹೆಸರು ಬರೆದು, ಉತ್ತರ ದೊರೆಯಲಿಲ್ಲ ಎಂದು ಗೀಟೆಳೆದು, ಪಕ್ಕದ ಮನೆಗೆ ಹೋಗುವ ಯೋಚನೆಯೇ ಇತ್ತು ಎಂದು ಆಮೇಲೆ ಎಷ್ಟೋ ಸಲ ತನ್ನ ಪರವಾಗಿ ವಾದ ಹೂಡಿದ್ದಾನೆ. ಗೃಹಿಣಿಯ ಹೆಸರು: ಸೀತಾ. ಮುಂದಿನ ಸಾಲು, ಗಂಡನ ಹೆಸರು. ಪೆನ್ನು ಅಲ್ಲಿ ನಿಂತದ್ದು ಒಂದು ನಿಮಿಷವೂ ಇರಲಾರದು. ಕಮಲಾಕರ ಎಂದು ಬರೆದ. ಬರೆದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಮನೆಯಲ್ಲಿ ಜನ: ಮೂರು. ಮಗು: ಹೆಣ್ಣು, ಒಂಬತ್ತು ವರ್ಷ, ರಮ್ಯಶ್ರೀ. ಸಂಜೆ ಟಿವಿಯ ಮುಂದೆ ಮನೆಯವರೆಲ್ಲ ಒಟ್ಟಿಗೆ ಎಷ್ಟು ಹೊತ್ತು ಕೂರುತ್ತೀರಿ ಎಂಬ ಪ್ರಶ್ನೆಯನ್ನು ಮೂವತ್ತೊಂಬತ್ತು ಮನೆಗಳಲ್ಲಿ ಗಿಳಿಯಂತೆ ಕೇಳಿದ್ದ. ಈಗ ತಾನೇ ಉತ್ತರ ಹೇಳಬೇಕಾದಾಗ ಶಿರಸಿಯ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ. ನಲವತ್ತು ನಿಮಿಷ ಎಂದು ಬರೆದ. ಅದಕ್ಕಿಂತ ಹೆಚ್ಚು ಸೀತಾ ಬಿಡುವುದಿಲ್ಲ, ಕೂಸಿಗೆ ಓದಲಿಕ್ಕಿರುತ್ತದೆ. ಖರೀದಿಸುತ್ತೀರಾ ಎಂಬಲ್ಲಿ ರೂಢಿಯಂತೆ ಖಂಡಿತವಾಗಿ ಎಂಬುದರ ಕಡೆಗೆ ಕೈ ಹೋಯಿತು. ಆದರೆ ಈ ಸೀತಾ ಒಪ್ಪಲಿಲ್ಲ. ಖರೀದಿಸುವುದಿಲ್ಲ ಎಂದಳು. ಕಾರಣ ಬರೆಯಲು ಬಿಟ್ಟ ಮೂರು ಖಾಲಿ ಸಾಲುಗಳನ್ನು ಬೇರೆ ಯಾವ ಮನೆಯವರೂ ತುಂಬಿಸಿರಲಿಲ್ಲ. ಇವಳು ಮೂರನ್ನೂ ತುಂಬಿಸಿದಳು. ಮಗಳು ಹೊರಗೆ ಆಡುತ್ತಾಳೆ. ಮನೆಯೊಳಗೆ ಗಾಳಿಗೆ ಕೈ ಬೀಸುವುದು ನೋಡಲು ಚೆನ್ನಾಗಿರುವುದಿಲ್ಲ. ನನ್ನ ಗಂಡನಿಗೆ ಬೇಡ ಎನ್ನಲು ಬರುವುದಿಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ.

ಫೋನ್ ನಂಬರಿನ ಜಾಗ ಖಾಲಿ ಉಳಿಯಿತು. ಶಿರಸಿಗೆ ವಾಪಸು ಬಂದು ಐದು ರಸ್ತೆಯ ಅಂಗಡಿಯಲ್ಲಿ, ಮೊಬೈಲಿನ ಖಾಲಿಯಿದ್ದ ಎರಡನೆಯ ಜಾಗಕ್ಕೆ ಹೊಸ ಸಿಮ್ ಕೊಂಡ. ಆ ಕೆಲಸವನ್ನು ಮಾತ್ರ ಅವನು ಅರೆಪ್ರಜ್ಞೆಯಲ್ಲಿ ಮಾಡಿದ್ದಲ್ಲ, ಹಾಗೆಂದು ವಾದಿಸಲೂ ಅವನು ಹೋಗಿಲ್ಲ.

ಫಾರ್ಮುಗಳನ್ನೆಲ್ಲ ಹುಬ್ಬಳ್ಳಿಗೆ ಕಳಿಸಿ ನಾಲ್ಕು ದಿನದ ಮೇಲೆ ಹಳೆಯ ನಂಬರಿಗೆ ಸುಭಾಷನ ಫೋನು ಬಂತು. "ಏನ್ರೀ ಹೆಗಡೇರ, ನಿಮ್ಮ ಲೆಕ್ಕದಾಗ ಹೋದ್ರ ಸಿರ್ಸಿ, ಸಿದ್ದಾಪುರದಾಗ ಬೆಂಗಳೂರಿಗಿಂತ ಹೆಚ್ಚು ಮಾಲ್ ಖರ್ಚಾಗತೈತಲ್ರೀ. ಗೇಮ್ ಮಷೀನ್ ಇಲ್ಲದ ಮನ್ಯಾಗ ಎರಡೆರಡು ಖರೀದಿ ಮಾಡ್ತಾರಂತ. ಬೆಂಗಳೂರಾಗ ನಗಾಕತ್ಯಾರ. ಮೂವತ್ತೊಂಬತ್ತೂ ನೀವ ಒಂದ ಕಡೆ ಕುಂತು ಬರದಂಗ ಅದಾವ."

"ಇಲ್ಲ ಸರ್. ಮನೆಮನೆಗೆ ಹೋಗಿ ಬರೆದದ್ದು."

"ಇರಲಿ. ನಿಮ್ಮ ಪುಣ್ಯಾ, ಆ ಯಲ್ಲಾಪುರದ್ದು ಒಂದು ಖರೇ ಫಾರ್ಮು ಅದ. ಆ ಹೆಣಮಗಳು ಎಷ್ಟ್ ಸ್ವಚ್ಛ ಹೇಳ್ಯಾಳ ನೋಡ್ರಿ. ಗಂಡಗ, ಅವನ ಹೆಸರೂ ನಿಮ್ದ ಐತಿ, ಬ್ಯಾಡ ಅನ್ನಾಕ ಬರೂದುಲ್ಲಂತ. ಆಫೀಸ್ನಾಗ ಎಲ್ಲಾರಿಗೂ ಓದಿ ಹೇಳಿದೆ. ಅದರ ನಂಬರ್ನ ತನಿಖೆಗೆ ಕೊಟ್ಟೇನಿ. ಅದೊಂದ ಪಾಸಾತಂದ್ರ ನಲವತ್ತೂ ಪಾಸ್ ಮಾಡಸ್ತೇನಿ. ಇಲ್ಲಾಂದ್ರ ನನ್ನ ಕೈಯಾಗಿಲ್ಲ."

ಹೀಗಾಗಿ, ಬಿಸಿಲಿನಲ್ಲಿ ನಡೆದು, ಕುಣಿದು, ಬೆಲ್ಲದ ನೀರು ಕುಡಿದು ತಂದ ಮೂವತ್ತೊಂಬತ್ತು ನಿಜದ ಮನೆಗಳು ಇಲ್ಲದ ಒಂದು ಮನೆಯ ಹಂಗಿನಲ್ಲಿ ಉಳಿದವು. ಕಮಲಾಕರನಿಗೆ ನಗು ಬರಬೇಕಿತ್ತು, ಬರಲಿಲ್ಲ. ಕಿಟಕಿಯ ಮುಂದೆ ಕೂತು ಆ ಮನೆಯನ್ನು ಒಂಬತ್ತು ಸಾವಿರದಿಂದ ಗುಣಿಸಿದ. ಒಂಬತ್ತು ಸಾವಿರ ಮನೆಗಳಲ್ಲಿ ಒಂಬತ್ತು ಸಾವಿರ ಕಮಲಾಕರರು ಸಂಜೆ ನಲವತ್ತು ನಿಮಿಷ ಹೆಂಡತಿ ಮಗಳ ಜೊತೆ ಟಿವಿ ನೋಡುತ್ತಾರೆ. ಯಾವುದೋ ದೇಶದ ಯಾವುದೋ ಕಂಪನಿ ಅವರನ್ನು ನಂಬಿ ಅಷ್ಟು ಕೋಲು ಕಡಿಮೆ ತಯಾರಿಸುತ್ತದೆ. ಅಷ್ಟರವರೆಗೆ ಕಲ್ಪನೆ ಹಿತವಾಗಿತ್ತು. ಅದರ ಬೆನ್ನಿಗೇ, ಯಲ್ಲಾಪುರದ ಅಂಗಳದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ ಆ ಹೆಂಗಸು ಎದುರಿಗೆ ಬಂದಳು. ನೀರು ಕುಡಿದು ಹೋಗಿ ಅಂದವಳನ್ನು ಅವಳಿಗೆ ತಿಳಿಯದಂತೆ ಎತ್ತಿ ತಂದು ತನ್ನ ಹೆಸರಿನ ಕೆಳಗೆ ಕೂರಿಸಿದ್ದೇನೆ, ಅವಳ ಮಗಳನ್ನೂ ಬೇರೆ ಹೆಸರಿಟ್ಟು ತಂದಿದ್ದೇನೆ ಅನ್ನಿಸಿತು. ಅವಳ ಗಂಡ ಶಾಂತಾರಾಮನ ಮುಖ ಅವನಿಗೆ ನೆನಪಿರಲಿಲ್ಲ. ಮದುವೆಯಲ್ಲಿ ಅವನ ಕೈ ಕುಲುಕಿದ್ದು ಮಾತ್ರ ನೆನಪಿತ್ತು. ನಾಚಿಕೆಯಾಯಿತು. ಮನೆಯಲ್ಲಿ ಒಬ್ಬನೇ ಇರುವವನಿಗೆ ನಾಚಿಕೆಯಾದರೆ ಮುಖ ತಿರುಗಿಸಲು ಬೇರೆ ಕಡೆ ಇರುವುದಿಲ್ಲ.

ಹನ್ನೊಂದೂಕಾಲಿಗೆ ಟವೆಲಿನ ಮೇಲಿದ್ದ ಮೊಬೈಲು ನಡುಗಿತು. ಮೂರು ಸಲ ಬಡಿದ ಮೇಲೆ ಎತ್ತಿದ. ಸಂಸಾರಸ್ಥರು ಕೂಡಲೇ ಎತ್ತುವುದಿಲ್ಲ ಎಂಬುದು ಅವನ ಎಣಿಕೆ.

"ನಮಸ್ಕಾರ ಸರ್, ಬೆಂಗಳೂರಿನಿಂದ ಸ್ಫೂರ್ತಿ ಅಂತ ಮಾತಾಡ್ತಿದ್ದೀನಿ. ಸೀತಾ ಮೇಡಂ ಇದ್ದಾರಾ?"

"ಅವರು ಹೊರಗೆ ಹೋಗಿದ್ದಾರೆ. ನಾನು ಅವರ ಗಂಡ." ಆ ಮಾತನ್ನು ಬೆಳಗಿನಿಂದ ಹತ್ತಾರು ಸಲ ಅಭ್ಯಾಸ ಮಾಡಿದ್ದರಿಂದ ತೊದಲದೆ ಬಂತು.

"ತೊಂದರೆ ಇಲ್ಲ ಸರ್, ನೀವೇ ಹೇಳಬಹುದು. ಹೋದ ವಾರ ನಮ್ಮ ಕಡೆಯವರೊಬ್ಬರು ನಿಮ್ಮ ಮನೆಗೆ ಬಂದಿದ್ದರಾ?"

"ಬಂದಿದ್ದರು."

"ವಿನಯದಿಂದ ಮಾತಾಡಿದ್ರಾ? ಎಷ್ಟು ಹೊತ್ತು ಇದ್ದರು? ಉಪಕರಣ ಹೇಗೆ ಬಳಸೋದು ಅಂತ ತೋರಿಸಿದ್ರಾ?"

ಒಂದೊಂದಕ್ಕೂ ಉತ್ತರ ಹೇಳಿದ. ಅಚ್ಚಿನ ಕನ್ನಡದಲ್ಲಿ ಪ್ರಶ್ನೆ, ಅಚ್ಚಿನ ಕನ್ನಡದಲ್ಲಿ ಉತ್ತರ. ಆ ಕನ್ನಡದಲ್ಲಿ ಸುಳ್ಳು ಹೇಳುವುದು ಅಷ್ಟೇನೂ ಕಷ್ಟವಿರಲಿಲ್ಲ, ಫಾರ್ಮು ತುಂಬಿದ ಹಾಗೇ. ವಿಚಿತ್ರವೆಂದರೆ, ಕಮಲಾಕರ ಎಂಬ ಮನುಷ್ಯ ಹೇಗೆ ಎಂದು ಇಷ್ಟು ಕಾಳಜಿಯಿಂದ ಇನ್ನೊಬ್ಬರು ವಿಚಾರಿಸಿದ್ದು ಅವನ ನೆನಪಿನಲ್ಲಿ ಇದೇ ಮೊದಲು. ಐದರಲ್ಲಿ ಅವರಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಅವಳು ಕೇಳಿದಾಗ ಬಹಳ ಯೋಚಿಸಿ ಮೂರು ಅಂದ.

"ಯಾಕೆ ಸರ್ ಮೂರು? ಏನಾದ್ರೂ ತಪ್ಪು ಮಾಡಿದ್ರಾ?"

ಈ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. "ಎಂತ ಹೇಳವು ಗೊತ್ತಾಗ್ತಿಲ್ಲೆ," ಎಂದುಬಿಟ್ಟ.

ಆ ಕಡೆಯಿಂದ ಈಗ ಬಂದ ದನಿ ಬೇರೆಯೇ ಹುಡುಗಿಯದು ಎಂಬಷ್ಟು ಬದಲಾಗಿತ್ತು. "ಅಯ್ಯ, ನಿಂಗ ಎಂಗ್ಳ ಬದಿಯವ್ರಾ? ಆನೂ ಸಿದ್ದಾಪುರ ಬದಿಯ ಕೂಸೇಯ. ಬೆಳಗಿಂದ ಸಂಜೆವರೆಗೆ ಫೋನು ಮಾಡ್ತೆ, ಎಂಗ್ಳ ಮಾತು ಕೇಳಿದ್ದು ಈ ತಿಂಗ್ಳಲ್ಲಿ ಇದೇ ಮೊದ್ಲು. ಇಲ್ಲಿ ರೂಮಲ್ಲಿ ಇಪ್ಪವೆಲ್ಲ ಬೇರೆ ಬದಿಯವು, ಮಾತಾಡ್ಲೆ ಜನವೇ ಇಲ್ಲೆ." ಅವಳು ನಕ್ಕಳು. "ಅಕ್ಕಯ್ಯ ಎಲ್ಲಿಗೆ ಹೋಯ್ದು, ಪೇಟೆಗಾ? ಕೂಸು ಎಷ್ಟನೇ ಕ್ಲಾಸು?"

ನಾಲ್ಕನೇ ಕ್ಲಾಸು ಎಂಬ ಉತ್ತರ ಫಾರ್ಮಿನಲ್ಲೇ ಇತ್ತು. ಹೇಳಲು ಬಾಯಿ ತೆರೆದ. ಆದರೆ ಆ ಉತ್ತರವನ್ನು ಅವನು ಬರೆದದ್ದು ಇನ್ನೊಂದು ಭಾಷೆಯಲ್ಲಿ, ಯಾರೂ ಮಾತಾಡದ ಭಾಷೆಯಲ್ಲಿ. ಇವಳು ಕೇಳುತ್ತಿರುವುದು ಅವನ ಆಯಿ ಕೇಳುತ್ತಿದ್ದ ಮಾತಿನಲ್ಲಿ. ಈ ಮಾತಿನಲ್ಲಿ ಸೀತಾ ಪೇಟೆಗೆ ಹೋದರೆ ಅವಳು ತಿರುಗಿ ಬರಬೇಕಾಗುತ್ತದೆ, ಮೆಟ್ಟಿಲು ಹತ್ತಿ ಬಂದು ಈ ಕೋಣೆಯ ಬಾಗಿಲು ತಳ್ಳಬೇಕಾಗುತ್ತದೆ. ಬೆನ್ನ ಹಿಂದೆ ಚಾಪೆ, ಒಂದು ಸ್ಟೋವು, ಮೊಳೆಗೆ ತೂಗುಬಿದ್ದ ಎರಡು ಅಂಗಿ. ಆ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಳು, ಅವಳ ಉಸಿರು ಕೇಳುತ್ತಿತ್ತು.

"ತಂಗೀ," ಅಂದ, ಬಂದಿದ್ದರು ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತ. "ಇಲ್ಲಿಗೆ ಯಾರೂ ಬೈಂದ್ವಿಲ್ಲೆ."

"ಎಂತ?"

"ನಿಂಗ್ಳ ಕಂಪನಿಯ ಜನ ಈ ಮನೆಗೆ ಬೈಂದ್ನಿಲ್ಲೆ. ಅಕ್ಕಯ್ಯ ಹೇಳಿ ಯಾರೂ ಇಲ್ಲೆ. ಕೂಸೂ ಇಲ್ಲೆ."

ಅವಳ ದನಿ ತಗ್ಗಿತು, ಅಕ್ಕಪಕ್ಕದವರಿಗೆ ಕೇಳದಿರಲೆಂದು ಬಾಯಿಗೆ ಕೈ ಅಡ್ಡ ಹಿಡಿದಿದ್ದಳೇನೋ. "ಅಣ್ಣಯ್ಯ, ಹಾಂಗೆ ಬರದ್ರೆ ಅವ್ನ ನಲವತ್ತೂ ಫಾರ್ಮು ರದ್ದಾಗ್ತು. ಮತ್ತೆ ಕೆಲ್ಸಕ್ಕೇ ಕರೆಯ ಹಾಂಗಿಲ್ಲೆ."

"ಗೊತ್ತಿದ್ದು."

ಅವನ ಗೊತ್ತಿದ್ದು ಎಂಬುದರಲ್ಲಿ ಅವಳಿಗೆ ಏನು ಕೇಳಿಸಿತೋ. ತುಂಬ ಮೆತ್ತಗೆ, "ಹೋಗ್ಲಿ ಬಿಡಿ, ಆನು ಬೈಂದ ಹೇಳೇ ಬರ್ಕತ್ತೆ. ಎಂಗೆಂತ ತೊಂದ್ರೆ ಇಲ್ಲೆ" ಅಂದಳು.

ಕುರ್ಚಿ ಒರೆಸಿ ಕೊಟ್ಟ ಬಸಪ್ಪನ ಮಾತು ಇದು, ಬೆಲ್ಲದ ನೀರು ಕೊಟ್ಟ ಮಂಜಿಯ ಮಾತು ಇದು. ಅಂಗಳದವರೆಗೆ ಬಂದು ಬೀಳ್ಕೊಟ್ಟ ವಜ್ರಳ್ಳಿಯ ಯಜಮಾನರದೂ ಇದೇ. ಇದನ್ನು ತೆಗೆದುಕೊಂಡರೆ ಚೀಲ ಹೆಗಲ ಮೇಲೆ ಉಳಿಯುತ್ತದೆ, ಮುಂದಿನ ತಿಂಗಳು ಇನ್ನೇನೋ ಒಂದು ಹಿಡಿದು ಮತ್ತೆ ಬಾಗಿಲು ಬಡಿಯಬಹುದು, ಮತ್ತೆ ಯಾರಾದರೂ ಬನ್ನಿ ಎನ್ನುತ್ತಾರೆ. ಅದಿಲ್ಲದ ದಿನಗಳು ಹೇಗಿರುತ್ತವೆ ಎಂಬುದು ಅವನಿಗೆ ಗೊತ್ತಿತ್ತು.

"ಬ್ಯಾಡ," ಅಂದ. "ಇಪ್ಪದೇ ಬರಿ."

ಕೀಲಿಮಣೆಯ ಸದ್ದು ಕೇಳಿಸಿತು, ನಡುನಡುವೆ ನಿಂತು ನಿಂತು. ಅಷ್ಟು ಹೊತ್ತಿನಲ್ಲಿ ಅವನಿಗೆ ಮೂವತ್ತೊಂಬತ್ತು ಮನೆಗಳೂ ಒಂದಾದ ಮೇಲೊಂದು ನೆನಪಾದವು, ಕೆಲವರ ಹೆಸರು ಆಗಲೇ ಮರೆತಿತ್ತು.

"ಇಲ್ಲಿ ಒಂದು ಜಾಗ ಖಾಲಿ ಬಿಡ್ಲೆ ಬತ್ತಿಲ್ಲೆ," ಅಂದಳು ಕೊನೆಗೆ. "ಆ ಮನೇಲಿ ಎಷ್ಟು ಜನ ಹೇಳಿ ಬರೀಲಿ?"

"ಒಬ್ಬ."

"ಬರ್ದೆ," ಅಂದಳು. ಫೋನು ಇಡಲಿಲ್ಲ. ಅವನೂ ಇಡಲಿಲ್ಲ.